ಸಿನಿಮಾ ಎರವಲು ಪಡೆದ ಚಿತ್ರಗಾರ್ತಿ!

ಒಂದು ದೃಶ್ಯ ಹೇಳುತ್ತೇನೆ, ಯಾವ ಸಿನಿಮಾ ಎಂದು ಊಹಿಸಿ. ಸ್ಯಾನ್ ಫ್ರಾನ್ಸಿಸ್ಕೋದ ಕಲಾ ಮ್ಯೂಸಿಯಂ. ಬೂದು ಸೂಟು ತೊಟ್ಟ ಹೊಂಗೂದಲ ಚೆಲುವೆ ಬೆಂಚಿನ ಮೇಲೆ ಕೂತಿದ್ದಾಳೆ. ಎದುರಿಗೆ ಗೋಡೆಯಲ್ಲೊಂದು ಹಳೆಯ ಭಾವಚಿತ್ರ. ಅದರ ಮೇಲೆ ನೆಟ್ಟ ಕಣ್ಣು ಕೀಳುತ್ತಿಲ್ಲ!

ಹೌದು, 1958ರ 'ವರ್ಟಿಗೋ'! ಹಿಚ್‌ಕಾಕ್‌ನ ಸಿನಿಮಾ. ನಟಿ ಕಿಮ್ ನೊವಾಕ್. ಆಗ ಆಕೆಗೆ ಇನ್ನೂ ಇಪ್ಪತ್ತೈದು.

ಇಷ್ಟು ಸುಲಭವಾಯಿತೇ? ಹಾಗಾದರೆ ಇದನ್ನು ಹೇಳಿ: ಹಾಗೆ ಚಿತ್ರ ನೋಡುತ್ತ ಕೂತ ಈ ಹುಡುಗಿ, ಸಿನಿಮಾಕ್ಕೆ ಬರುವ ಮೊದಲು ಏನು ಕಲಿಯುತ್ತಿದ್ದಳು?

ಚಿತ್ರಕಲೆ! ಅದೂ ಷಿಕಾಗೋದ ಹೆಸರಾಂತ ಆರ್ಟ್ ಇನ್‌ಸ್ಟಿಟ್ಯೂಟ್‌ನ ಶಾಲೆಯಲ್ಲಿ, ವಿದ್ಯಾರ್ಥಿವೇತನ ಗಿಟ್ಟಿಸಿಕೊಂಡು!

ಅಲ್ಲಿಂದ ಹಾಲಿವುಡ್‌ಗೆ ಹೋಗಿದ್ದು ಹೇಗೆ? ನೂರು ಸಲ ಊಹಿಸಿದರೂ ನಿಮಗೆ ಹೊಳೆಯಲಿಕ್ಕಿಲ್ಲ. ಫ್ರಿಜ್ಜಿನ ದೆಸೆಯಿಂದ! ಫ್ರಿಜ್ ಮಾರುವ ಕಂಪನಿಯೊಂದರ ಪ್ರಚಾರಕ್ಕೆಂದು 'ಮಿಸ್ ಡೀಪ್‌ಫ್ರೀಜ್' ಎಂಬ ಬಿರುದು ಹೊತ್ತು ಊರೂರು ಸುತ್ತಿದಳು. ಆ ಸುತ್ತಾಟ ಮುಗಿಯುವ ಹೊತ್ತಿಗೆ ಕ್ಯಾಲಿಫೋರ್ನಿಯಾ. ಎಕ್ಸ್‌ಟ್ರಾ ನಟಿಯಾಗಿ ಸಣ್ಣಪುಟ್ಟ ಕೆಲಸ. ನೋಡನೋಡುತ್ತಲೇ ಕೊಲಂಬಿಯಾ ಸ್ಟುಡಿಯೋದ ಕರಾರುಪತ್ರ!

ಚಿತ್ರ ಬರೆಯಬೇಕಿದ್ದವಳನ್ನೇ ಸ್ಟುಡಿಯೋ ತಿದ್ದಿ ಬರೆಯತೊಡಗಿತು. ತೂಕ ಇಳಿಸು ಎಂದಿತು. ಕೂದಲಿಗೆ ಬಿಳಿಚು ಹೊನ್ನಿನ ಬಣ್ಣ ಹಚ್ಚಿ, ಅದರ ಮೇಲೆ ತೆಳು ನೇರಳೆಯ ಛಾಯೆ ಕೊಟ್ಟಿತು. ನೇರಳೆ! ಮರ್ಲಿನ್ ಎಂಬ ಹುಟ್ಟುಹೆಸರೂ ಹೋಯಿತು, ಏಕೆಂದರೆ ಹಾಲಿವುಡ್‌ನಲ್ಲಿ ಆಗಲೇ ಒಬ್ಬ ಮರ್ಲಿನ್ ಇದ್ದಳಲ್ಲ! ಅಪ್ಪನ ಮನೆತನದ ಚೆಕ್ ಹೆಸರು ನೊವಾಕ್ ಕೂಡ ಬೇಡವೆಂದಾಗ ಮಾತ್ರ ಹುಡುಗಿ ಜಗ್ಗಲಿಲ್ಲ. ಅದೊಂದನ್ನು ಉಳಿಸಿಕೊಂಡೇಬಿಟ್ಟಳು.

'ವರ್ಟಿಗೋ'ದ ಕತೆ ನೆನಪಿದೆಯೇ? ಒಬ್ಬ ಗಂಡಸು, ಒಬ್ಬ ಸಾಮಾನ್ಯ ಹುಡುಗಿಯ ಉಡುಪು, ಕೂದಲು, ಬಣ್ಣ ಎಲ್ಲವನ್ನೂ ಬದಲಿಸಿ ತನಗೆ ಬೇಕಾದ ಹೆಣ್ಣನ್ನಾಗಿ ಮಾಡಿಕೊಳ್ಳುತ್ತಾನೆ. ಸ್ವಂತ ಬದುಕಿನಲ್ಲಿ ನಡೆದದ್ದನ್ನೇ ಕಿಮ್ ಕ್ಯಾಮೆರಾ ಮುಂದೆ ಅಭಿನಯಿಸುತ್ತಿದ್ದಳು! ಆ ಕಣ್ಣುಗಳ ದುಗುಡ ಅಷ್ಟು ನಿಜವೆನ್ನಿಸುವುದು ಇದಕ್ಕೇ ಎಂದು ನನಗೆ ಖಾತ್ರಿ.

ಆಮೇಲಿನದು ಇನ್ನೂ ಸೋಜಿಗ. 1966ರ ಹೊತ್ತಿಗೆ, ಮೂವತ್ತಮೂರರ ಪ್ರಾಯದಲ್ಲಿ, ಹಾಲಿವುಡ್‌ಗೆ ಬೆನ್ನು ಹಾಕಿ ಹೊರಟೇಹೋದಳು! ಎಲ್ಲಿಗೆ? ಬಿಗ್ ಸರ್ ಕಡಲ ತಡಿಗೆ. ಕುದುರೆಗಳ ಜತೆಗೆ, ಬಣ್ಣಗಳ ಜತೆಗೆ! ಅಪರೂಪಕ್ಕೊಮ್ಮೆ ನಟಿಸಿದ್ದುಂಟು, ಆದರೆ ವಾಸಕ್ಕೆಂದು ಹಾಲಿವುಡ್‌ಗೆ ಮರಳಲಿಲ್ಲ. ಕುದುರೆಗೆ ಚಿಕಿತ್ಸೆ ಮಾಡಲು ಬಂದ ಪಶುವೈದ್ಯ ರಾಬರ್ಟ್ ಮಲ್ಲೋಯ್ 1976ರಲ್ಲಿ ಗಂಡನಾದ.

ಮುಂದೆ ಓರೆಗಾನ್‌ನಲ್ಲಿ ಮನೆ. 2000ದಲ್ಲಿ ಅದಕ್ಕೆ ಬೆಂಕಿ ಬಿತ್ತು. ನೆನಪಿನ ವಸ್ತುಗಳು ಹೋದವು. ಬರೆಯುತ್ತಿದ್ದ ಆತ್ಮಕತೆಯ ಕರಡೂ ಸುಟ್ಟುಹೋಯಿತು. ಆರು ವರ್ಷ ಕಳೆದು ಕುದುರೆಯಿಂದ ಬಿದ್ದು ಪಕ್ಕೆಲುಬು ಮುರಿಯಿತು, ಶ್ವಾಸಕೋಶಕ್ಕೂ ಪೆಟ್ಟಾಯಿತು. 2010ರಲ್ಲಿ ಸ್ತನ ಕ್ಯಾನ್ಸರ್.

ಚಿತ್ರ ಬರೆಯುವುದು ನಿಂತಿತೇ? ಎಲ್ಲಾದರೂ ಉಂಟೇ!

ಜಗವೆಲ್ಲ ಬಲ್ಲ ಈ ತಾರೆ ಹಾರ್ಲಿ ಬ್ರೌನ್, ರಿಚರ್ಡ್ ಮೆಕಿನ್ಲೆ ಎಂಬ ಪ್ಯಾಸ್ಟಲ್ ಕಲಾವಿದರ ಬಳಿ ಮತ್ತೆ ಶಿಷ್ಯೆಯಾಗಿ ಕೂತಳು! ಪ್ಯಾಸ್ಟಲ್ ಎಂದರೆ ಬಣ್ಣದ ಪುಡಿ ಅದುಮಿ ಮಾಡಿದ ಕಡ್ಡಿ. ಕುಂಚವೇ ಬೇಕಿಲ್ಲ. ಕಡ್ಡಿಯಿಂದ ಗೀಚಿ, ಬೆರಳಿನಿಂದ ತೀಡಿದರೆ ಒಂದು ಬಣ್ಣ ಇನ್ನೊಂದರೊಳಕ್ಕೆ ಕರಗುತ್ತದೆ. ಕಿಮ್‌ಳ ಚಿತ್ರಗಳ ಕನಸಿನ ಗುಣಕ್ಕೆ ಇದಕ್ಕಿಂತ ಒಪ್ಪುವ ಮಾಧ್ಯಮ ಬೇರೆ ಯಾವುದಿದ್ದೀತು! ಓಹಾಯೋದ ಬಟ್ಲರ್ ಕಲಾ ಮ್ಯೂಸಿಯಂನಲ್ಲಿ ಅವು ಪ್ರದರ್ಶನಗೊಂಡವು.

ಇತ್ತ ಆ ಹಳೆಯ ಸಿನಿಮಾ ಸುಮ್ಮನಿತ್ತೇ? 2012ರಲ್ಲಿ 'ಸೈಟ್ ಆ್ಯಂಡ್ ಸೌಂಡ್' ಪತ್ರಿಕೆ ಜಗತ್ತಿನ ವಿಮರ್ಶಕರ ಮತ ಕೇಳಿತು: ಸಾರ್ವಕಾಲಿಕ ಶ್ರೇಷ್ಠ ಚಿತ್ರ ಯಾವುದು? ಐವತ್ತು ವರ್ಷ ಅಗ್ರಪಟ್ಟ ಬಿಡದಿದ್ದ 'ಸಿಟಿಜನ್ ಕೇನ್' ಕೆಳಗಿಳಿಯಿತು. 191 ಮತ ಪಡೆದು ಮೇಲೇರಿದ್ದು 'ವರ್ಟಿಗೋ'! 2025ರಲ್ಲಿ ವೆನಿಸ್ ಚಿತ್ರೋತ್ಸವ ಕಿಮ್‌ಗೆ ಜೀವಮಾನ ಸಾಧನೆಯ ಸ್ವರ್ಣಸಿಂಹ ಕೊಟ್ಟಿತು. ವಯಸ್ಸೆಷ್ಟು ಹೇಳಿ?

ತೊಂಬತ್ತೆರಡು!

ಇನ್ನು, ಬಿಟ್ಟುಬಂದ ಆ ಸಿನಿಮಾವನ್ನು ಆಕೆ ಮರೆತಳೆಂದುಕೊಂಡಿರಾ? ಅದನ್ನೇ ಚಿತ್ರವಾಗಿ ಬರೆದಿದ್ದಾಳೆ! ಈ ಸಲ ಹೇಗೆ ಕಾಣಬೇಕೆಂದು ತೀರ್ಮಾನಿಸಿದ್ದು ಹಿಚ್‌ಕಾಕ್ ಅಲ್ಲ, ಸ್ಟುಡಿಯೋ ಅಲ್ಲ. ಖುದ್ದು ಕಿಮ್!