ಹಬ್ಬದ ಮನೆಯಲ್ಲಿ ಹಾಸ್ಯಚಿತ್ರ

ಡಿಸೆಂಬರ್ ಮಾಸದ ಕಡೆಯ ವಾರದಲ್ಲಿ ಬೀದರ ನಗರದ ಮೆಥೊಡಿಸ್ಟ್ ಕುಟುಂಬಗಳಿಗೆ ಭಾಲ್ಕಿಯಿಂದಲೂ ಔರಾದಿನಿಂದಲೂ ಬಂಧುಗಳು ಬರುವರು. ಹೈದರಾಬಾದಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಊರು ಸೇರುವರು. ಕ್ರಿಸ್ತಜಯಂತಿಯ ಆರಾಧನೆ ಮುಗಿದು, ಊಟವಾಗಿ, ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತಾಗ ಕಿರಿಯರ ಬೇಡಿಕೆ ಒಂದೇ: “ಮುತ್ಯಾ, ನಗೋ ಸಿನಿಮಾ ಹಚ್ರಿ.” ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಕಿವಿಗೆ ಬೀಳುವ ಈ ಗಡಿನಾಡಿನಲ್ಲಿ ಚಿತ್ರಗಳಿಗೇನೂ ಬರವಿಲ್ಲ. ಕ್ರೈಸ್ತ ಕುಟುಂಬವು ಕೂಡಿ ನೋಡತಕ್ಕ ಚಿತ್ರವಾವುದೆಂಬುದೇ ಪ್ರಶ್ನೆ.

ಈ ವಿಷಯದಲ್ಲಿ ನಾವೂ ಒಮ್ಮೆ ಎಡವಿದವರೇ. ಕೆಲವು ವರ್ಷಗಳ ಹಿಂದೆ ಭಾಲ್ಕಿಯ ನೆಂಟರ ಮನೆಯಲ್ಲಿ ‘ಯು’ ಮುದ್ರೆಯನ್ನು ಕಂಡು ಒಂದು ಹಾಸ್ಯಚಿತ್ರವನ್ನು ನಾವೇ ಆರಿಸಿದೆವು. ಅದರಲ್ಲಿ ಅಪಶಬ್ದವಿರಲಿಲ್ಲ, ಮದ್ಯಪಾನವಿರಲಿಲ್ಲ, ಅಶ್ಲೀಲವಿರಲಿಲ್ಲ. ಆದರೆ ಅರ್ಧಕ್ಕರ್ಧ ನಗುವು ತೊದಲು ಮಾತಿನ ಸೇವಕನೊಬ್ಬನ ಮೇಲೆಯೇ ನಿಂತಿದ್ದಿತು. ಮಕ್ಕಳು ನಕ್ಕರು, ನಾವೂ ನಕ್ಕೆವು. ಔರಾದಿನಿಂದ ಬಂದಿದ್ದ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಮಾತು ತೊದಲುತ್ತಿದ್ದಿತು. ಅವನು ನಡುವೆ ಎದ್ದು ಅಡಿಗೆಮನೆಗೆ ಹೋಗಿ ಅಜ್ಜಿಯ ಮಗ್ಗುಲಲ್ಲಿ ಕುಳಿತುದನ್ನು ನಾವು ಗಮನಿಸಲಿಲ್ಲ. ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ವೇದಪಾಠವನ್ನೋದುವ ಸರದಿ ಅವನದಾಗಿತ್ತು. ಅವನು ತುಟಿ ತೆರೆಯದೆ ಪುಸ್ತಕವನ್ನು ಪಕ್ಕದವನ ಕೈಗೆ ಕೊಟ್ಟನು. ನಮ್ಮ ತಪ್ಪು ನಮಗೆ ಆಗ ತಿಳಿಯಿತು.

ಸರಕಾರದ ಮುದ್ರೆಯು ನಿರರ್ಥಕವೆಂದು ನಾವು ಹೇಳುವುದಿಲ್ಲ. 1952ರ ಚಲಚ್ಚಿತ್ರ ಕಾಯಿದೆಯ ಮೇರೆಗೆ ಚಿತ್ರಗಳಿಗೆ ಪ್ರಮಾಣಪತ್ರ ದೊರೆಯುತ್ತದೆ. 2024ರ ನಿಯಮಗಳು ‘ಯುಎ’ ವರ್ಗವನ್ನು 7, 13, 16 ವರ್ಷಗಳೆಂದು ಮೂರಾಗಿ ವಿಭಾಗಿಸಿ ತಂದೆತಾಯಿಗಳಿಗೆ ಉಪಕಾರವನ್ನೇ ಮಾಡಿವೆ. ಆದರೆ ಆ ಮುದ್ರೆಗೆ ಮಗುವಿನ ವಯಸ್ಸು ಗೊತ್ತೇ ಹೊರತು ನಮ್ಮ ಮನೆಯ ಮಗುವು ಗೊತ್ತಿಲ್ಲ.

ಭರತನು ನಾಟ್ಯಶಾಸ್ತ್ರದಲ್ಲಿ ಹಾಸ್ಯವನ್ನು ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯಾಗಿ ವಿಂಗಡಿಸಿ, ಮೊದಲೆರಡನ್ನು ಉತ್ತಮರಿಗೂ ಕಡೆಯ ಎರಡನ್ನು ಅಧಮರಿಗೂ ಹೇಳಿರುವನು. ನಗುವಿನ ಕಾರಣಗಳನ್ನೆಣಿಸುವಾಗ ಅಂಗವೈಕಲ್ಯದ ದರ್ಶನವನ್ನೂ ಸೇರಿಸಿರುವನು. ಜನರು ಯಾವುದಕ್ಕೆ ನಗುವರೆಂಬುದನ್ನು ಶಾಸ್ತ್ರವು ಹೇಳೀತು. ಯಾವುದಕ್ಕೆ ನಗಬಾರದೆಂಬುದನ್ನು ಮನೆಯ ಧರ್ಮವು ಹೇಳಬೇಕು.

ನಮ್ಮ ವೇದಪುಸ್ತಕವು ನಗುವಿಗೆ ವೈರಿಯಲ್ಲ. ಆದಿಕಾಂಡದಲ್ಲಿ ವೃದ್ಧೆಯಾದ ಸಾರಳ ಮಗನಿಗೆ ಬಂದ ಇಸಾಕನೆಂಬ ಹೆಸರಿನ ಮೂಲವೇ ನಗು. ಎಲೀಷನ ಬೋಳುತಲೆಯನ್ನು ಹಂಗಿಸಿದ ಹುಡುಗರ ನಗುವಾದರೋ ಕೇಡಿನಲ್ಲಿ ಮುಗಿಯಿತು. ಸಂತೋಷದ ನಗುವೇ ಬೇರೆ, ಹಂಗಿಸುವ ನಗುವೇ ಬೇರೆ.

ಈ ದೃಷ್ಟಿಯಿಂದ, ಕ್ರಿಸ್‌ಮಸ್ ಕಾಲದಲ್ಲಿ ಲೋಕಪ್ರಿಯವಾದ ‘ಹೋಮ್ ಅಲೋನ್’ ಚಿತ್ರವನ್ನು ಪರೀಕ್ಷಿಸೋಣ. ಜಾನ್ ಹ್ಯೂಸ್ ಬರೆದು ಕ್ರಿಸ್ ಕೊಲಂಬಸ್ ನಿರ್ದೇಶಿಸಿದ ಈ ಚಿತ್ರವು 1990ರಲ್ಲಿ ತೆರೆಕಂಡಿತು. ಮನೆಯವರು ಪ್ರವಾಸ ಹೊರಟ ಗಡಿಬಿಡಿಯಲ್ಲಿ ಬಿಟ್ಟುಹೋದ ಬಾಲಕನು ಕಳ್ಳರಿಬ್ಬರನ್ನೆದುರಿಸುವ ಕಥೆಯಿದು. ದೋಷಗಳಿಲ್ಲದಿಲ್ಲ. ಬಾಲಕನು ತಾಯಿಗೆ ಒರಟಾಗಿ ಎದುರಾಡುವನು. ಇಸ್ತ್ರಿಪೆಟ್ಟಿಗೆಯು ಕಳ್ಳನ ಮುಖದ ಮೇಲೆ ಬೀಳುವುದನ್ನು ಐದು ವರ್ಷದ ಕೂಸು ಆಟವೆಂದು ಭಾವಿಸಿ ಅನುಕರಿಸೀತು. ಆದರೆ ಮಕ್ಕಳೆಲ್ಲ ಕೊಲೆಗಾರನೆಂದು ಹೆದರಿದ್ದ ನೆರೆಮನೆಯ ಮುದುಕನು ಹಬ್ಬದ ಮುನ್ನಾದಿನ ದೇವಾಲಯದಲ್ಲಿ ಬಾಲಕನ ಬಳಿ ಕುಳಿತು, ಮಗನೊಡನೆ ತನಗಿರುವ ಮುನಿಸನ್ನು ಹೇಳಿಕೊಳ್ಳುವನು. ಕಡೆಯಲ್ಲಿ ತಂದೆಮಕ್ಕಳು ಒಂದಾಗುವರು. ಅಲ್ಲಿ ನಗೆಗೀಡಾದವನು ದುರಾಸೆಯವನು. ಜನರು ದೂರವಿಟ್ಟವನಿಗೆ ಮರ್ಯಾದೆ ದೊರೆಯಿತು. ತೀರ ಚಿಕ್ಕವರನ್ನು ಬಿಟ್ಟು, ಹಿರಿಯರು ಪಕ್ಕದಲ್ಲಿದ್ದು ತೋರಿಸಲು ಇದು ಯೋಗ್ಯವೆಂದು ನಮ್ಮ ಮತ.

ಆದಕಾರಣ ಚಿತ್ರವನ್ನಾರಿಸುವ ಮಾತಾಪಿತೃಗಳು ಮೊದಲು ತಾವೊಮ್ಮೆ ನೋಡಿ, ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಲಿ. ಯಾರನ್ನು ನೋಡಿ ನಗಿಸುತ್ತಾರೆ? ಅಂಥವರು ನಮ್ಮ ಕೋಣೆಯಲ್ಲಿ ಕುಳಿತಿರುವರೇ? ಚಿತ್ರ ಮುಗಿದ ಮೇಲೆ ಮಕ್ಕಳು ಅದನ್ನು ಯಾರ ಮೇಲೆ ಪ್ರಯೋಗಿಸುವರು?

ಮರುದಿನ ಮುಂಜಾನೆ ನಾವು ಔರಾದಿನ ಆ ಬಾಲಕನನ್ನು ಕರೆದು, ನಾವು ನಕ್ಕದ್ದು ತಪ್ಪೆಂದು ಹೇಳಿದೆವು. ಅವನು ಬಹಳ ಹೊತ್ತು ತಡೆತಡೆದು, “ಇ...ಇರ್ಲಿ ಮುತ್ಯಾ” ಎಂದನು. ಅಂದಿನಿಂದ ಹಾಸ್ಯಚಿತ್ರ ನಡೆಯುವಾಗ ನಮ್ಮ ದೃಷ್ಟಿಯು ತೆರೆಯ ಮೇಲಿರುವುದಕ್ಕಿಂತ ಕುಳಿತವರ ಮುಖಗಳ ಮೇಲೆಯೇ ಹೆಚ್ಚಾಗಿರುತ್ತದೆ.