ಮೌನವೆಲ್ಲವೂ ಸಮ್ಮತಿಯಲ್ಲ

ಹತ್ತು ಮಂದಿ ಕೂಡಿ ಆಲೋಚಿಸಿದರೆ ಒಬ್ಬನಿಗೆ ಹೊಳೆಯದ ದಾರಿ ಹೊಳೆಯುತ್ತದೆ ಎಂಬುದು ನಮ್ಮ ಹಿರಿಯರ ನಂಬಿಕೆ. ನಂಬಿಕೆ ಸುಳ್ಳಲ್ಲ. ಆದರೆ ಹತ್ತು ಮಂದಿ ಕೂಡಿದ ಮಾತ್ರಕ್ಕೆ ಹತ್ತು ಬುದ್ಧಿ ಕೂಡಿದಂತಾಗುವುದೇ? ರಾಯಚೂರು ತಾಲ್ಲೂಕಿನ ಯರಗೇರಾ ಸೀಮೆಯಲ್ಲಿ ನಿಂತು ನೋಡಿದವರಿಗೆ ಈ ಪ್ರಶ್ನೆ ಕೇವಲ ತರ್ಕದ್ದಲ್ಲ.

ತುಂಗಭದ್ರೆಯ ಎಡದಂಡೆ ಕಾಲುವೆ ಕೊಪ್ಪಳ ಜಿಲ್ಲೆಯನ್ನು ದಾಟಿ, ಸಿಂಧನೂರು, ಮಾನ್ವಿಗಳ ನೆಲವನ್ನು ತೋಯಿಸಿ, 227 ಕಿಲೋಮೀಟರಿನಷ್ಟು ಹರಿದ ಮೇಲೆ ರಾಯಚೂರಿನ ಕಡೆ ಮುಗಿಯುತ್ತದೆ. ಮೇಲ್ಭಾಗದ ಭತ್ತದ ಗದ್ದೆಗಳು ತುಂಬಿದ ಬಳಿಕ ಉಳಿದದ್ದು ಕೆಳಭಾಗದವರ ಪಾಲು. ಎಂದೇ ನೀರು ಹಂಚುವ ಸಭೆಯಲ್ಲಿ ಯಾರು ಮಾತಾಡಿದರು, ಯಾರು ತಲೆತಗ್ಗಿಸಿ ಕುಳಿತರು ಎಂಬುದು ಇಲ್ಲಿ ಬೆಳೆಯ ಅಳಿವು ಉಳಿವಿನ ಮಾತು.

‘ಮೌನಂ ಸಮ್ಮತಿಲಕ್ಷಣಂ’ ಎನ್ನುತ್ತೇವೆ. 1951ರಲ್ಲಿ ಅಮೆರಿಕೆಯ ಮನಶ್ಶಾಸ್ತ್ರಜ್ಞ ಸೊಲೊಮನ್ ಆಶ್ ಪ್ರಕಟಿಸಿದ ಪ್ರಯೋಗವನ್ನು ಬಲ್ಲವರು ಹಾಗೆನ್ನಲು ಅನುಮಾನಿಸುವರು. ಒಂದು ಗೆರೆಯನ್ನು ತೋರಿಸಿ, ಬೇರೆ ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದವಾದುದು ಯಾವುದೆಂದು ಒಂದು ಗುಂಪನ್ನು ಕೇಳಲಾಯಿತು. ಎಳೆಯ ಮಗುವೂ ಹೇಳಬಲ್ಲ ಉತ್ತರ! ಆದರೆ ಒಬ್ಬನ ಹೊರತು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟಂತೆ ತಪ್ಪುತ್ತರ ನುಡಿದರು. ಆಗ ಆ ಒಬ್ಬನೂ ಸುಮಾರು ಮೂರರಲ್ಲೊಂದು ಸಲ ತನ್ನ ಕಣ್ಣನ್ನು ನಂಬದೆ ಗುಂಪನ್ನು ಅನುಸರಿಸಿದನು. ಇನ್ನೂ ಸ್ವಾರಸ್ಯವೆಂದರೆ, ಗುಂಪಿನಲ್ಲಿ ಬೇರೊಬ್ಬನು ಸರಿಯುತ್ತರ ಹೇಳಿದೊಡನೆ ಆತನ ಧೈರ್ಯವೂ ಬಹುಮಟ್ಟಿಗೆ ಮರಳುತ್ತಿತ್ತು. ಗುಂಪನ್ನು ಎಚ್ಚರಿಸಲು ಭಿನ್ನವಾದ ಒಂದೇ ದನಿ ಸಾಕೆಂದಾಯಿತು.

ಆ ದನಿಯ ಬೆಲೆ ಎಷ್ಟೆಂಬುದನ್ನು ತುಂಗಭದ್ರೆಯೇ ತೋರಿಸಿಕೊಟ್ಟಿದ್ದಾಳೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ಆಗ ತುಂಬಿತ್ತು. ಅದರ ಸಾಮರ್ಥ್ಯ ಸುಮಾರು 105 ಟಿ.ಎಂ.ಸಿ. ಅರವತ್ತಕ್ಕೂ ಮಿಕ್ಕಿ ಟಿ.ಎಂ.ಸಿ. ನೀರನ್ನು ಹೊರಬಿಟ್ಟು, ಮಟ್ಟ ಇಳಿದ ಮೇಲೆಯೇ ದುರಸ್ತಿ ಸಾಧ್ಯ ಎಂಬ ಮಾತು ಮೊದಲು ಕೇಳಿಬಂತು. ಹಾಗಾಗಿದ್ದರೆ ಕಾಲುವೆಯ ಕೊನೆಯ ರೈತನ ಗತಿಯೇನು? ಆದರೆ ಮೊದಲ ಮಾತೇ ಕಡೆಯ ಮಾತಾಗಲಿಲ್ಲ. ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸುವ ಇನ್ನೊಂದು ದಾರಿಯನ್ನೂ ಮುಂದಿಟ್ಟು ಚರ್ಚಿಸಲಾಯಿತು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಎಂಜಿನಿಯರುಗಳೂ ಕಾರ್ಮಿಕರೂ ದುಡಿದರು. 16ರಂದು ಮೊದಲ ಹಲಗೆ ಕೂತಿತು. 17ರಂದು ಹರಿವು ನಿಂತಿತು. ಸುಮಾರು 70 ಟಿ.ಎಂ.ಸಿ. ನೀರು ಜಲಾಶಯದಲ್ಲಿ ಉಳಿಯಿತು. ಎರಡನೆಯ ದಾರಿಯನ್ನು ಆಡದೆ ನುಂಗಿಕೊಂಡಿದ್ದರೆ ಈ ನೀರು ಎಲ್ಲಿರುತ್ತಿತ್ತು?

ದೊಡ್ಡ ಅಣೆಕಟ್ಟಿಗೆ ಸಲ್ಲುವ ನೀತಿ ಊರ ನೀರು ಬಳಕೆದಾರರ ಸಂಘಕ್ಕೂ ಸಲ್ಲುತ್ತದೆ. ಅಲ್ಲಿ ಗೌಡರೋ ಅಧ್ಯಕ್ಷರೋ ಮೊದಲು ಬಾಯಿ ತೆರೆದರೆ ಉಳಿದವರ ಬಾಯಿ ಮುಚ್ಚಿತೆಂದೇ ತಿಳಿಯಬೇಕು. ಹಿರಿಯರ ಎದುರು ಆಡಬಾರದೆಂಬ ಮರ್ಯಾದೆ ಒಳ್ಳೆಯದು. ಆದರೆ ಆ ಮರ್ಯಾದೆಯಿಂದ ಹೊಲ ಒಣಗಬಾರದು. ಕಾಲುವೆಯ ತುದಿಯಲ್ಲಿ ಹೊಲವಿದ್ದವನನ್ನೇ ಮೊದಲು ಕೇಳಿ, ಹಿರಿಯರು ಕಡೆಗೆ ಆಡಿದರೆ ಅವರ ಗೌರವಕ್ಕೇನು ಕುಂದು? ನಿರ್ಣಯ ಬರೆಯುವ ಮುನ್ನ “ಇದರಿಂದ ಯಾರಿಗೆ ಕೇಡು?” ಎಂದು ಒಮ್ಮೆ ಕೇಳಿ, ಉತ್ತರ ಬರುವವರೆಗೆ ಕಾಯುವುದಕ್ಕೆ ಖರ್ಚೇನೂ ಇಲ್ಲ.

ಕಾಲುವೆಯ ನೀರು ಮೇಲಿನಿಂದ ಕೆಳಕ್ಕೆ ಹರಿಯುವುದು ಪ್ರಕೃತಿಯ ನಿಯಮ. ಸಭೆಯಲ್ಲಿ ಮಾತಾದರೂ ಕೆಳಗಿನಿಂದ ಮೇಲಕ್ಕೆ ಹರಿಯಲಿ. ಆಗ ನೀರೂ ಕೊನೆಯ ತೂಬನ್ನು ಮುಟ್ಟೀತು.