ಅಡುಗೆಮನೆ ಚಿಮಣಿ: ಫಿಲ್ಟರ್ ತೊಳೆದರಷ್ಟೇ ಸಾಲದು, ಪೈಪ್ ಕಡೆಗೂ ಗಮನವಿರಲಿ

ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರೆ ಹಾಲ್‌ನಲ್ಲಿ ಕೂತವರಿಗೂ ಕೆಮ್ಮು ಬರುತ್ತಿದೆಯೇ? ಚಿಮಣಿ ಜೋರಾಗಿ ಸದ್ದು ಮಾಡುತ್ತಿದ್ದರೂ ಹೊಗೆ ಒಳಗೇ ಸುತ್ತುತ್ತಿದೆಯೇ? ಹಾಗಿದ್ದರೆ ಹೊಸ ಚಿಮಣಿ ಖರೀದಿಸುವ ಮುನ್ನ ಜಿಡ್ಡು ಎಲ್ಲಿ ಕಟ್ಟಿಕೊಂಡಿದೆ ಎಂದು ನೋಡಿ.

ಪರೀಕ್ಷೆ ಸುಲಭ. ಒಲೆ ಆರಿಸಿ, ಚಿಮಣಿ ಆನ್ ಮಾಡಿ, ಫಿಲ್ಟರ್‌ಗೆ ಒಂದು ಟಿಶ್ಯೂ ಪೇಪರ್ ಹಿಡಿಯಿರಿ. ಅದು ಅಂಟಿಕೊಂಡು ನಿಲ್ಲದೆ ಕೆಳಗೆ ಬಿದ್ದರೆ ಎಳೆಯುವ ಶಕ್ತಿ ಕುಗ್ಗಿದೆ ಎಂದರ್ಥ.

ಜಾಲರಿಯಂಥ ಮೆಶ್ ಫಿಲ್ಟರ್‌ನ ಸಣ್ಣ ರಂಧ್ರಗಳು ಬೇಗ ಮುಚ್ಚಿಹೋಗುತ್ತವೆ. ದಿನವೂ ಅಡುಗೆ ಮಾಡುವ ಮನೆಯಲ್ಲಿ ವಾರ-ಹತ್ತು ದಿನಕ್ಕೊಮ್ಮೆ ತೊಳೆಯಲೇಬೇಕು. ಬಾಗಿದ ಪಟ್ಟಿಗಳಿರುವ ಬ್ಯಾಫಲ್ ಫಿಲ್ಟರ್‌ನಲ್ಲಿ ಗಾಳಿ ತಿರುಗಿ ಸಾಗುವಾಗ ಎಣ್ಣೆ ಪಟ್ಟಿಗೆ ಬಡಿದು ಇಳಿಯುವುದರಿಂದ ಎರಡು-ಮೂರು ವಾರಕ್ಕೊಮ್ಮೆ ತೊಳೆದರೂ ನಡೆಯುತ್ತದೆ. ಪ್ಲಗ್ ತೆಗೆದು, ಬಿಸಿನೀರಿಗೆ ಅಡುಗೆ ಸೋಡಾ ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಅದರಲ್ಲಿ ಫಿಲ್ಟರ್ ನೆನೆಸಿ, ಉಜ್ಜಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಕಾಸ್ಟಿಕ್ ಸೋಡಾ ಬೇಡ, ಅದು ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಪೈಪ್ ಇಲ್ಲದ ಚಿಮಣಿಯ ಚಾರ್ಕೋಲ್ ಫಿಲ್ಟರ್ ಅನ್ನು ತೊಳೆಯುವಂತಿಲ್ಲ, ಬದಲಾಯಿಸಬೇಕು.

'ನಮ್ಮದು ಆಟೋ ಕ್ಲೀನ್' ಎಂದು ನಿಶ್ಚಿಂತೆಯಿಂದ ಇರುವವರೇ ಹೆಚ್ಚು. ಆ ಬಟನ್ ಮಾಡುವುದು ಇಷ್ಟೇ: ಒಳಭಾಗವನ್ನು ಬಿಸಿ ಮಾಡಿ, ಫ್ಯಾನ್ ಸುತ್ತಲಿನ ಎಣ್ಣೆಯನ್ನು ಕರಗಿಸಿ ಟ್ರೇಗೆ ಇಳಿಸುತ್ತದೆ. ಟ್ರೇ ಖಾಲಿ ಮಾಡುವ ಕೆಲಸ ನಿಮ್ಮದೇ. ಗೋಡೆಯಾಚೆ ಹೋಗುವ ಪೈಪ್ ಅನ್ನು ಅದು ಮುಟ್ಟುವುದೂ ಇಲ್ಲ.

ಅಪಾಯ ಅಡಗಿರುವುದು ಅಲ್ಲೇ. ಬಿಸಿ ಎಣ್ಣೆಯ ಆವಿ ಪೈಪ್‌ನಲ್ಲಿ ತಣ್ಣಗಾಗಿ ಪದರ ಪದರವಾಗಿ ಕೂರುತ್ತದೆ. ಕಡಾಯಿಯ ಎಣ್ಣೆಗೆ ಬೆಂಕಿ ಹತ್ತಿಕೊಂಡರೆ ಫ್ಯಾನ್ ಆ ಜ್ವಾಲೆಯನ್ನು ಮೇಲಕ್ಕೆಳೆಯುತ್ತದೆ, ಪೈಪ್‌ನ ಜಿಡ್ಡು ಉರುವಲಾಗುತ್ತದೆ. ಪೈಪ್ ಪ್ಲಾಸ್ಟಿಕ್‌ನದ್ದಾಗಿದ್ದರಂತೂ ಕೇಳುವುದೇ ಬೇಡ. ಆದ್ದರಿಂದ ಲೋಹದ ಪೈಪ್ ಇರಲಿ, ತಿರುವುಗಳು ಕಡಿಮೆ ಇರಲಿ. 6 ಇಂಚಿನ ಬಾಯಿಗೆ 4 ಇಂಚಿನ ಪೈಪ್ ಸಿಕ್ಕಿಸುವ ಕೆಲಸಗಾರರ ಜಾಣತನಕ್ಕೆ ಒಪ್ಪಬೇಡಿ. ವರ್ಷಕ್ಕೊಮ್ಮೆಯಾದರೂ ಪೈಪ್ ಬಿಚ್ಚಿಸಿ ಒಳಗೆ ನೋಡಿಸಿ. ಮುಂಬೈ, ಪುಣೆಯ ಫ್ಲ್ಯಾಟ್‌ಗಳಲ್ಲಿ ಹೊರಬಾಯಿಗೆ ಮುಚ್ಚಳವಿಲ್ಲದಿದ್ದರೆ ಪಾರಿವಾಳಗಳು ಗೂಡು ಕಟ್ಟಿರಲೂಬಹುದು!

ಎಣ್ಣೆಗೆ ಬೆಂಕಿ ಹೊತ್ತಿಕೊಂಡರೆ ನೀರು ಸುರಿಯಲೇಬೇಡಿ. ಗ್ಯಾಸ್ ಮತ್ತು ಚಿಮಣಿ ಎರಡನ್ನೂ ಆಫ್ ಮಾಡಿ, ಕಡಾಯಿಯ ಮೇಲೆ ತಟ್ಟೆ ಮುಚ್ಚಿ. ಬೆಂಕಿ ಪೈಪ್‌ಗೆ ತಲುಪಿದ್ದರೆ ಮನೆಯವರನ್ನೆಲ್ಲ ಹೊರಗೆ ಕರೆದೊಯ್ದು 101ಕ್ಕೆ ಕರೆ ಮಾಡಿ.

ಇನ್ನೊಂದು ತಪ್ಪು ತೀರಾ ಸಾಮಾನ್ಯ. ಗ್ಯಾಸ್ ವಾಸನೆ ಬಂದ ಕೂಡಲೇ 'ಹೊರಗೆ ಹೋಗಲಿ' ಎಂದು ಚಿಮಣಿ ಆನ್ ಮಾಡುವುದು. ಸಿಲಿಂಡರ್‌ನ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ. ಮೇಲಿರುವ ಚಿಮಣಿ ಅದನ್ನು ಎಳೆಯಲಾರದು, ಆದರೆ ಸ್ವಿಚ್‌ನ ಒಂದು ಕಿಡಿ ಸ್ಫೋಟಕ್ಕೆ ಸಾಕು. ಪೈಪ್‌ಲೈನ್ ಗ್ಯಾಸ್ ಹಗುರವಾಗಿ ಮೇಲೇರುತ್ತದೆ, ಅಲ್ಲಿಯೂ ಕಿಡಿಯ ಅಪಾಯ ತಪ್ಪಿದ್ದಲ್ಲ. ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಅಥವಾ ವಾಲ್ವ್ ಬಂದ್ ಮಾಡಿ, ಕಿಟಕಿ-ಬಾಗಿಲು ತೆರೆದು ಹೊರಬನ್ನಿ. ಸಿಲಿಂಡರ್ ಸೋರಿಕೆಗೆ ಸಹಾಯವಾಣಿ 1906. ಫೋನ್ ಮಾಡುವುದೂ ಮನೆಯಿಂದ ಹೊರಗೆ ಬಂದ ಮೇಲೆಯೇ.